ಮಳೆ ನಿಲ್ಲದ ಗ್ರಹಕ್ಕೆ ಒಂದು ಆಟ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)



ಕಳೆದ ಆಟಿ ತಿಂಗಳಲ್ಲಿ ನಾನು ಒಂದು ಆಟವನ್ನು ಕಟ್ಟಿದೆ. ಕಬಡ್ಡಿಯಂತೆ ಮೈದಾನದ ಆಟವಲ್ಲ, ಪಟದ ಮೇಲೆ ಕಾಯಿ ಇಟ್ಟು ಆಡುವ ಆಟ. ಅದು ಭೂಮಿಯ ಜನರ ಆಟವೂ ಅಲ್ಲ. ನಾನೇ ಕಲ್ಪಿಸಿದ ಬೇರೊಂದು ಗ್ರಹದ ಜನ ಆಡುವ ಆಟ. ಅದನ್ನು ಹೇಗೆ ಕಟ್ಟಿದೆ, ಎಲ್ಲಿ ತಪ್ಪಿದೆ, ಆ ತಪ್ಪನ್ನು ಎಷ್ಟು ದಿನ ಮುಚ್ಚಿಟ್ಟೆ ಎಂಬುದನ್ನೆಲ್ಲ ಈ ಲೇಖನದಲ್ಲಿ ಬರೆದಿದ್ದೇನೆ. ಓದಿದ ಮೇಲೆ ನೀವೂ ಒಂದು ಆಟ ಕಟ್ಟಬಹುದು. ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಹಿಡಿ ಹುಣಿಸೆ ಬೀಜ.

ಆರಂಭ ಆದದ್ದು ಕನ್ನಡ ತರಗತಿಯಲ್ಲಿ. ನಮ್ಮ ಉಪನ್ಯಾಸಕರು "ಬೇರೆ ಗ್ರಹದಲ್ಲಿ ಜನರಿದ್ದರೆ ಹೇಗಿರಬಹುದು? ಒಂದು ಪುಟ ಬರೆದು ತನ್ನಿ" ಎಂದಿದ್ದರು. ಎಲ್ಲರೂ ಅವರ ವಾಹನ, ಆಯುಧ, ಊಟದ ಬಗ್ಗೆ ಬರೆದರು. ನನಗೆ ಮಾತ್ರ ಒಂದು ಪ್ರಶ್ನೆ ಹೊಳೆಯಿತು: ಕೆಲಸವೆಲ್ಲ ಮುಗಿದ ಮೇಲೆ ಸಂಜೆ ಅವರು ಏನು ಆಡುತ್ತಾರೆ?

ಆಟದಲ್ಲಿ ಊರು ಕಾಣುತ್ತದೆ

ಮೊದಲು ನಮ್ಮ ಸುತ್ತಲಿನ ಆಟಗಳನ್ನೇ ನೋಡೋಣ. ನಮ್ಮ ಮನೆಯಲ್ಲಿ ಮಾತು ಉರ್ದು, ಬೆಳ್ಮಣ್ ಪೇಟೆಯಲ್ಲಿ ತುಳು, ಕಾಲೇಜಿನಲ್ಲಿ ಕನ್ನಡ. ಆಟಗಳೂ ಹಾಗೆಯೇ ಮೂರು ಕಡೆಯಿಂದ ನನಗೆ ಸಿಕ್ಕಿವೆ.

ಪಕ್ಕದ ಮನೆಯ ಅಜ್ಜಿಯ ಹತ್ತಿರ ಹಳೆಯ ಚೆನ್ನೆಮಣೆ ಇದೆ. ಘಟ್ಟದ ಮೇಲಿನವರು ಇದನ್ನು ಅಳಗುಳಿಮಣೆ ಎನ್ನುತ್ತಾರೆ. ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ 4ರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಗದ್ದೆಯಲ್ಲಿ ಬಿತ್ತಿದ ಹಾಗೆ. ಬೇಸಾಯದ ಊರಿನ ಆಟ ಎಂದು ಯಾರೂ ಹೇಳಬೇಕಾಗಿಲ್ಲ, ಕೈಯ ಚಲನೆಯೇ ಹೇಳುತ್ತದೆ. ಇನ್ನೊಂದು ವಿಶೇಷವಿದೆ. ಕಾಯಿಗಳೆಲ್ಲ ಒಂದೇ ಬಣ್ಣ. ಇದು ನನ್ನ ಕಾಯಿ, ಅದು ನಿನ್ನ ಕಾಯಿ ಎಂಬುದಿಲ್ಲ.

ಹುಲಿ-ಕುರಿ ಆಟದಲ್ಲಿ ಎರಡೂ ಕಡೆಯವರು ಸಮಾನರಲ್ಲ. ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕುತ್ತವೆ. ಕಾಡಿನ ಪಕ್ಕ ದನಕರು ಸಾಕಿದ ಜನರ ಆಟ ಇದು.

ಚದುರಂಗ ನಮ್ಮ ದೇಶದಲ್ಲಿ ಹುಟ್ಟಿ, ಪರ್ಷಿಯಾದ ಮೂಲಕ ಅರಬರ ಕಡೆಗೆ ಹೋಗಿ ಶತರಂಜ್ ಆಯಿತು. ಬಗ್ದಾದಿನಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆಯೇ ಅಲ್-ಅದ್ಲಿ, ಅಸ್-ಸೂಲಿ ಎಂಬ ಪಂಡಿತರು ಆ ಆಟದ ಮೇಲೆ ಪುಸ್ತಕಗಳನ್ನು ಬರೆದರು. ನಾವು ಇವತ್ತಿಗೂ 'ಶಹ್ ಮಾತ್' ಎನ್ನುತ್ತೇವೆ. ರಾಜ ನಿಸ್ಸಹಾಯಕನಾದ ಎಂದು ಅರ್ಥ. ಅದು ರಾಜರ, ಸೈನ್ಯಗಳ ಕಾಲದ ಆಟ.

ಆಟಗಳನ್ನು ಹೊಸದಾಗಿ ಕಟ್ಟಿದವರೂ ನಮ್ಮ ನಾಡಿನಲ್ಲಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಪಟದ ಆಟಗಳನ್ನು ಸಂಗ್ರಹಿಸಿದ್ದಲ್ಲದೆ ತಾವೇ ಹೊಸ ಆಟಗಳನ್ನು ರೂಪಿಸಿದರು. ಅವರ 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಗ್ರಂಥದ ಒಂಬತ್ತು ಭಾಗಗಳಲ್ಲಿ ಕೊನೆಯದಾದ 'ಕೌತುಕನಿಧಿ' ಆಟಗಳಿಗೇ ಮೀಸಲು. ಚದುರಂಗದ ಕುದುರೆ ಪಟದ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಲೆಕ್ಕವನ್ನು ಅವರು ಬಿಡಿಸಿದ್ದರು.

ಬೇರೆ ಗ್ರಹದವರಿಗಾಗಿ ಆಟ ಕಟ್ಟಿದವರಲ್ಲಿ ಹೆಸರಾದವರು ಅಮೆರಿಕದ ಕಾದಂಬರಿಕಾರ ಎಡ್ಗರ್ ರೈಸ್ ಬರೋಸ್. ಟಾರ್ಜಾನ್ ಕಥೆ ಬರೆದವರು ಅವರೇ. 1922ರ 'ದಿ ಚೆಸ್‌ಮೆನ್ ಆಫ್ ಮಾರ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದ ಜನರು 'ಜೆಟಾನ್' ಎಂಬ ಆಟ ಆಡುತ್ತಾರೆ. 10×10ರ ಪಟ, ಒಬ್ಬೊಬ್ಬರಿಗೆ 20 ಕಾಯಿ, ಒಂದು ಕಡೆ ಕಿತ್ತಳೆ ಬಣ್ಣ, ಇನ್ನೊಂದು ಕಡೆ ಕಪ್ಪು. ಪುಸ್ತಕದ ಕೊನೆಯಲ್ಲಿ ಅವರು ಆಟದ ನಿಯಮಗಳನ್ನೂ ಕೊಟ್ಟಿದ್ದಾರೆ, ಓದುಗರು ನಿಜವಾಗಿ ಆಡಬಹುದು. ಆದರೆ ಕೆಲವು ನಿಯಮಗಳು ಸ್ಪಷ್ಟವಾಗಿಲ್ಲದ ಕಾರಣ ಆಡುವವರು ಅವುಗಳ ಅರ್ಥದ ಬಗ್ಗೆ ಈಗಲೂ ವಾದಿಸುತ್ತಾರೆ. ಬರೋಸ್ ಕಲ್ಪಿಸಿದ ಮಂಗಳದವರು ಸದಾ ಯುದ್ಧ ಮಾಡುವ ಜನ, ಅದಕ್ಕೇ ಅವರ ಆಟವೂ ಯುದ್ಧದ ಆಟ.

ಇವುಗಳಿಂದ ನನಗೆ ಸಿಕ್ಕಿದ ಮೊದಲ ಪಾಠ: ಆಟ ಕಟ್ಟುವ ಮೊದಲು ಆಡುವ ಜನರನ್ನು ಕಟ್ಟಿ.

ಹಂತ 1: ಜನರ ಬಗ್ಗೆ ಮೂರು ವಾಕ್ಯ

ಹತ್ತು ಪುಟ ಬರೆಯಬೇಕಾಗಿಲ್ಲ. ಮೂರು ವಾಕ್ಯ ಸಾಕು, ಆದರೆ ಪ್ರತಿ ವಾಕ್ಯದಿಂದ ಒಂದು ನಿಯಮ ಹುಟ್ಟಬೇಕು.

ನಾನು ಬರೆಯುತ್ತಿದ್ದಾಗ ಹೊರಗೆ ಆಟಿಯ ಮಳೆ ಸುರಿಯುತ್ತಿತ್ತು. ಹಾಗಾಗಿ ನನ್ನ ಗ್ರಹದಲ್ಲಿ ಮಳೆ ನಿಲ್ಲುವುದೇ ಇಲ್ಲ. ಅಲ್ಲಿನ ಜನರಿಗೆ 'ಬಾರಿಶಿಗಳು' ಎಂದು ಹೆಸರಿಟ್ಟೆ. ಉರ್ದುವಿನಲ್ಲಿ ಬಾರಿಶ್ ಎಂದರೆ ಮಳೆ.

ಮೊದಲನೆಯದು: ಬಾರಿಶಿಗಳು ಮನೆಗೆ ತಾಗಿ ಮನೆ ಕಟ್ಟುವುದಿಲ್ಲ, ನಡುವೆ ನೀರು ಹರಿಯಲು ತೋಡು ಬೇಕು. ಇದರಿಂದ ಬಂದ ನಿಯಮ: ಒಂದು ಕಾಯಿಯ ಬದಿಗೆ ಇನ್ನೊಂದು ಕಾಯಿ ಇಡಬಾರದು.

ಎರಡನೆಯದು: ಅವರಲ್ಲಿ ನನ್ನದು, ನಿನ್ನದು ಎಂಬ ಆಸ್ತಿ ಇಲ್ಲ. ಇದರಿಂದ ಬಂದ ನಿಯಮ: ಕಾಯಿಗಳೆಲ್ಲ ಒಂದೇ ಬಣ್ಣ. ಇದನ್ನು ಚೆನ್ನೆಮಣೆಯಿಂದ ತೆಗೆದುಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ.

ಮೂರನೆಯದು: ಬಾರಿಶಿಗಳಿಗೆ ತಲೆಯ ಸುತ್ತಲೂ ಕಣ್ಣು, ಹಿಂದೆ ಮುಂದೆ ಎಂಬುದಿಲ್ಲ. ಇದರಿಂದ ಬಂದ ನಿಯಮ: ಪಟ ಯಾವ ಕಡೆಯಿಂದ ನೋಡಿದರೂ ಒಂದೇ ತರಹ ಇರಬೇಕು. ಇದಕ್ಕೆ ಮಾದರಿ ಕಾರ್ಕಳದ ಚತುರ್ಮುಖ ಬಸದಿ. 1586ರಲ್ಲಿ ಕಟ್ಟಿದ ಆ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ರೀತಿಯ ಬಾಗಿಲು. ಪ್ರೌಢಶಾಲೆಯಿಂದ ಪ್ರವಾಸ ಹೋದಾಗ ಯಾವ ಬಾಗಿಲಿಂದ ಒಳಗೆ ಬಂದೆವು ಎಂದು ತಿಳಿಯದೆ ಚಪ್ಪಲಿ ಹುಡುಕಿದ್ದು ನೆನಪಿದೆ.

ದಾಳ ಬೇಡ ಎಂಬುದು ಮಾತ್ರ ಬಾರಿಶಿಗಳ ನಿಯಮವಲ್ಲ, ನಮ್ಮ ದಾದಿಯ ನಿಯಮ. ದಾಳ ಉರುಳಿಸುವ ಆಟ ನಮ್ಮ ಮನೆಯೊಳಗೆ ಬರುವಂತಿಲ್ಲ. ಇದರಿಂದ ನನಗೆ ಲಾಭವೇ ಆಯಿತು. ಅದೃಷ್ಟದ ಪಾತ್ರವಿಲ್ಲದೆ, ಏನನ್ನೂ ಮುಚ್ಚಿಡದೆ, ಬರೀ ಯೋಚನೆಯಿಂದ ಆಡುವ ಆಟ ಸಿದ್ಧವಾಯಿತು.

ಹಂತ 2: ನಿಯಮ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು

ಮೊದಲ ಆಟ ಹೀಗಿತ್ತು. 6×6ರ ಪಟ, 36 ಚೌಕ. ಇಬ್ಬರು ಸರದಿಯಂತೆ ಒಂದೊಂದು ಹುಣಿಸೆ ಬೀಜ ಇಡಬೇಕು. ಈಗಾಗಲೇ ಇಟ್ಟ ಬೀಜದ ಬಲ, ಎಡ, ಮೇಲೆ, ಕೆಳಗಿನ ಚೌಕದಲ್ಲಿ ಇಡಬಾರದು. ಮೂಲೆಗೆ ಮೂಲೆ ತಾಗಿದರೆ ತೊಂದರೆ ಇಲ್ಲ. ಇಡಲು ಜಾಗ ಸಿಗದವರು ಸೋತರು.

ಇದರಲ್ಲಿ ಎರಡು ಒಳ್ಳೆಯ ಗುಣಗಳಿವೆ. ಒಂದು, ಆಟ ಖಂಡಿತ ಮುಗಿಯುತ್ತದೆ. ಚೌಕ ಬಿಟ್ಟು ಚೌಕ ತುಂಬಿದರೂ 18 ಬೀಜಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಎರಡು, 'ಡ್ರಾ' ಇಲ್ಲ. ಒಬ್ಬರಿಗೆ ಜಾಗ ಸಿಗದೇ ಹೋಗಲೇಬೇಕು. ನೀವು ಆಟ ಕಟ್ಟುವಾಗಲೂ ಈ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಿ: ಮುಗಿಯುತ್ತದೆಯೇ? ಹೇಗೆ ಮುಗಿಯುತ್ತದೆ?

ಹಂತ 3: ಆಡಿ, ಆಡಿ, ಆಡಿ

ಆಡಲು ಸಿಕ್ಕಿದವನು ನನ್ನ ತಮ್ಮ. ಏಳನೇ ತರಗತಿ. ಮೊದಲ ನಾಲ್ಕು ಆಟದಲ್ಲಿ ಅವನು ಎರಡು ಗೆದ್ದ, ನಾನು ಎರಡು ಗೆದ್ದೆ. ಐದನೇ ಆಟದಲ್ಲಿ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವನು ಇಟ್ಟ ಚೌಕಕ್ಕೆ ಸರಿಯಾಗಿ ಎದುರಿನ ಚೌಕದಲ್ಲಿ ನಾನು ಇಟ್ಟರೆ ಏನಾಗುತ್ತದೆ?

ಅಡ್ಡಸಾಲುಗಳಿಗೆ 1ರಿಂದ 6, ಕಂಬಸಾಲುಗಳಿಗೆ 1ರಿಂದ 6 ಎಂದು ಸಂಖ್ಯೆ ಕೊಡಿ. ಎದುರಾಳಿ ಇಟ್ಟ ಚೌಕದ ಎರಡೂ ಸಂಖ್ಯೆಗಳನ್ನು 7ರಿಂದ ಕಳೆಯಿರಿ. ಅವನು ಅಡ್ಡ 2, ಕಂಬ 3ರಲ್ಲಿ ಇಟ್ಟರೆ ನಾನು ಅಡ್ಡ 5, ಕಂಬ 4ರಲ್ಲಿ ಇಡುತ್ತೇನೆ. ಅವನು ಒಂದು ಮೂಲೆಗೆ ಹೋದರೆ ನಾನು ಅದರ ಎದುರು ಮೂಲೆಗೆ. ಪಟವನ್ನು ಅರ್ಧ ಸುತ್ತು ತಿರುಗಿಸಿದರೆ ಅವನ ಬೀಜದ ಜಾಗಕ್ಕೆ ನನ್ನ ಬೀಜ ಬರುತ್ತದೆ.

ನನಗೆ ಜಾಗ ಸಿಗದೇ ಹೋಗಬಹುದೇ? ಇಲ್ಲ. ನನ್ನ ಸರದಿ ಮುಗಿದಾಗಲೆಲ್ಲ ಪಟದ ಎರಡು ಅರ್ಧಗಳು ಒಂದೇ ತರಹ ಇರುತ್ತವೆ. ಹಾಗಾಗಿ ಅವನಿಗೆ ಒಂದು ಚೌಕ ಸಿಕ್ಕಿದರೆ ಅದರ ಎದುರಿನ ಚೌಕವೂ ಖಾಲಿ ಇರಲೇಬೇಕು. ಅವನು ಈಗ ಇಟ್ಟ ಬೀಜವೇ ನನಗೆ ಅಡ್ಡ ಬರಬಹುದೇ? ಅದೂ ಇಲ್ಲ. ಅಡ್ಡ ಬರಬೇಕಾದರೆ ಎರಡೂ ಒಂದೇ ಅಡ್ಡಸಾಲಿನಲ್ಲೋ ಒಂದೇ ಕಂಬಸಾಲಿನಲ್ಲೋ ಇರಬೇಕು. ಒಂದು ಸಂಖ್ಯೆಯನ್ನು 7ರಿಂದ ಕಳೆದರೆ ಅದೇ ಸಂಖ್ಯೆ ಬರಬೇಕಾದರೆ ಅದು ಮೂರೂವರೆ ಆಗಿರಬೇಕು. ಮೂರೂವರೆಯ ಸಾಲು ಪಟದಲ್ಲಿಲ್ಲ.

ನಮ್ಮ ಅಕೌಂಟೆನ್ಸಿಯ ಮಾತಿನಲ್ಲಿ ಹೇಳುವುದಾದರೆ, ಅವನ ಪ್ರತಿ ಡೆಬಿಟ್‌ಗೆ ನಾನು ಒಂದು ಕ್ರೆಡಿಟ್ ಬರೆಯುತ್ತೇನೆ. ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ. ಎರಡನೆಯದಾಗಿ ಆಡುವವರು ಸೋಲುವುದೇ ಇಲ್ಲ.

ಇಲ್ಲಿಗೆ ಆಟ ಸತ್ತಿತು. ಆದರೆ ನಾನು ಅದನ್ನು ಯಾರಿಗೂ ಹೇಳಲಿಲ್ಲ.

"ಮೊದಲು ನೀನೇ ಇಡು"

ಅವತ್ತಿನಿಂದ ತಮ್ಮನಿಗೆ "ನೀನು ಚಿಕ್ಕವನು, ಮೊದಲು ನೀನೇ ಇಡು" ಎನ್ನತೊಡಗಿದೆ. ಅಮ್ಮಿ ಅದನ್ನು ಕೇಳಿ ಸಂತೋಷಪಟ್ಟರು. ಅವನು ಸಾಲಾಗಿ 11 ಆಟ ಸೋತ.

ಅದೇ ವಾರ ನಮ್ಮ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಮೇಳ ಘೋಷಣೆಯಾಯಿತು. ನಾಲ್ವರ ಒಂದೊಂದು ಗುಂಪು ಒಂದೊಂದು ಸ್ಟಾಲ್ ಹಾಕಬೇಕು. ನನ್ನ ಗುಂಪಿಗೆ ಆಟದ ಗುಟ್ಟು ಹೇಳಿದೆ. ಒಬ್ಬಳು ಕೂಡಲೇ ಲೆಕ್ಕ ಹಾಕಿದಳು: ಆಡಲು 10 ರೂಪಾಯಿ, ನಮ್ಮನ್ನು ಸೋಲಿಸಿದವರಿಗೆ 30 ರೂಪಾಯಿ. ನಾವು ಸೋಲುವುದೇ ಇಲ್ಲ. ನೂರು ಜನ ಆಡಿದರೆ 1,000 ರೂಪಾಯಿ, ಖರ್ಚು ಎಂದರೆ ಬೀಜ ಮಾತ್ರ. "ಗಿರಾಕಿಗೆ ಗೌರವ, ಮೊದಲು ನೀವೇ ಇಡಿ ಎಂದು ಬೋರ್ಡ್ ಬರೆಯೋಣ" ಎಂದು ಇನ್ನೊಬ್ಬಳು ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದು ಹೇಳಿದಾಗ ದಾದಿ ತಸ್ಬೀಹ್ ಕೆಳಗಿಟ್ಟು ಒಂದೇ ಮಾತು ಹೇಳಿದರು: "ಪೈಸೆ ಲಗಾಯೇ ತೋ ಓ ಖೇಲ್ ನೈ, ಜುವಾ ಹೈ." ದುಡ್ಡು ಕಟ್ಟಿದರೆ ಅದು ಆಟವಲ್ಲ, ಜೂಜು. "ಆದರೆ ದಾದಿ, ಜೂಜಿನಲ್ಲಿ ಗೆಲ್ಲುತ್ತೇವೋ ಸೋಲುತ್ತೇವೋ ತಿಳಿದಿರುವುದಿಲ್ಲ. ಇದರಲ್ಲಿ ನನಗೆ ತಿಳಿದಿದೆ" ಎಂದೆ. ನನ್ನ ಬಾಯಿಂದಲೇ ಆ ಮಾತು ಬಂದ ಮೇಲೆ ನನಗೆ ನಾಚಿಕೆಯಾಯಿತು. ಜೂಜಿಗಿಂತ ಅದು ಕೆಳಗಿನದು.

ತಮ್ಮ ಅಲ್ಲೇ ಇದ್ದ. "ಆಪಾ, ಹಾಗಾದರೆ ಆ ಹನ್ನೊಂದು ಆಟದಲ್ಲಿ ನಾನು ಒಂದಾದರೂ ಗೆಲ್ಲಲು ಆಗುತ್ತಿತ್ತಾ?" ಎಂದು ಕೇಳಿದ. ಆಗುತ್ತಿರಲಿಲ್ಲ. ಅವನು ಎಷ್ಟು ಯೋಚಿಸಿದರೂ ಆಗುತ್ತಿರಲಿಲ್ಲ. ಅವನು ಎದ್ದು ಹೋದ, ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಪಕ್ಕದ ಮನೆಯ ಅಜ್ಜಿ ಚೆನ್ನೆಮಣೆ ತೋರಿಸಿದಾಗ ಹೇಳಿದ ಕಥೆ ಆಗ ನೆನಪಾಯಿತು. ತುಳುವಿನ ಸಿರಿ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆಮಣೆ ಆಡುತ್ತಾ ಜಗಳವಾಡುತ್ತಾರೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆಯುತ್ತಾಳೆ. ಇಬ್ಬರೂ ಉಳಿಯುವುದಿಲ್ಲ. ಆ ಸಿರಿಯ ಜಾತ್ರೆ ನಮ್ಮ ಬೆಳ್ಮಣ್‌ಗೆ ಹತ್ತಿರದ ನಂದಳಿಕೆಯಲ್ಲೇ ನಡೆಯುತ್ತದೆ. ಒಡಹುಟ್ಟಿದವರು ಚೆನ್ನೆ ಆಡಬಾರದು ಎಂದು ಅಜ್ಜಿ ಹೇಳಿದಾಗ ನಾನು ಅದನ್ನು ಬರೀ ನಂಬಿಕೆ ಎಂದುಕೊಂಡಿದ್ದೆ. ಆಟದಲ್ಲಿ ಆಗುವ ಅನ್ಯಾಯ ಆಟ ಮುಗಿದ ಮೇಲೆ ಮುಗಿಯುವುದಿಲ್ಲ ಎಂಬುದು ಅದರೊಳಗೆ ಇದೆ ಎಂದು ಈಗ ಅನಿಸುತ್ತದೆ.

ಮರುದಿನ ಗುಂಪಿನಲ್ಲಿ ವಾದವಾಯಿತು. "ನಾವು ಸುಳ್ಳು ಹೇಳುವುದಿಲ್ಲವಲ್ಲ? ನಿಯಮ ಇಬ್ಬರಿಗೂ ಒಂದೇ. ಚೆಸ್ ಬಲ್ಲವರು ಬಾರದವರನ್ನು ಸೋಲಿಸುವುದು ಮೋಸವೇ?" ಎಂದು ಗೆಳತಿ ಕೇಳಿದಳು. ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು: ಚೆಸ್‌ನಲ್ಲಿ ಸೋತವರು ಕಲಿತು ಮುಂದೆ ಗೆಲ್ಲಬಹುದು. ಇಲ್ಲಿ ಮೊದಲು ಇಟ್ಟವರಿಗೆ ಗೆಲುವೇ ಇಲ್ಲ, ಅವರನ್ನು ಮೊದಲು ಇಡುವಂತೆ ಮಾಡುವವರು ನಾವೇ. ಇಲ್ಲದ ಅವಕಾಶವನ್ನು ಇದೆ ಎಂದು 10 ರೂಪಾಯಿಗೆ ಮಾರುತ್ತಿದ್ದೇವೆ. ಮಾಲಿನ ದೋಷವನ್ನು ಕೊಳ್ಳುವವರಿಗೆ ಹೇಳದೆ ಮಾರಬಾರದು ಎಂದು ನಾವೆಲ್ಲ ಮದ್ರಸಾದಲ್ಲೂ ಕೇಳಿದ್ದೇವೆ, ತರಗತಿಯಲ್ಲೂ ಕೇಳಿದ್ದೇವೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ "ಹಾಗಾದರೆ ಆಟ ಸರಿ ಮಾಡು" ಎಂದರು.

ಹಂತ 4: ದೋಷ ಸಿಕ್ಕಲ್ಲಿಂದ ಆಟ ಶುರು

ತಮ್ಮನ ಹತ್ತಿರ ಹೋಗಿ ಗುಟ್ಟನ್ನೆಲ್ಲ ಬಿಡಿಸಿ ಹೇಳಿದೆ. ಅವನು ಪಟ ನೋಡುತ್ತಾ ಕುಳಿತು "5×5 ಮಾಡಿದರೆ?" ಎಂದ. ಮಾಡಿದೆವು. ಅವನು ಮೊದಲ ಬೀಜವನ್ನು ನಟ್ಟ ನಡುವಿನ ಚೌಕದಲ್ಲಿಟ್ಟ, ಆಮೇಲೆ ನಾನು ಎಲ್ಲಿಟ್ಟರೂ ಎದುರಿನಲ್ಲಿ ಇಡುತ್ತಾ ಹೋದ. ನಾನು ಸೋತೆ. ಸಮ ಸಂಖ್ಯೆಯ ಪಟದಲ್ಲಿ ಎರಡನೆಯವರು, ಬೆಸ ಸಂಖ್ಯೆಯ ಪಟದಲ್ಲಿ ನಡುವನ್ನು ಹಿಡಿದ ಮೊದಲಿಗರು. ಪಟ ದೊಡ್ಡದು ಮಾಡಿದರೂ ಉಪಯೋಗವಿಲ್ಲ. ಇದನ್ನು ಕಂಡುಹಿಡಿದವನು ನಾನಲ್ಲ, ಅವನು. ಆವತ್ತು ಅವನು ನಕ್ಕ.

ದೋಷ ಎಲ್ಲಿದೆ ಎಂದು ಈಗ ಸ್ಪಷ್ಟವಾಯಿತು. ನಾಲ್ಕು ಕಡೆಯಿಂದಲೂ ಒಂದೇ ತರಹ ಇರಬೇಕು ಎಂದು ನಾನು ಇಷ್ಟಪಟ್ಟು ಮಾಡಿದ ಪಟದ ಅಂದವೇ ಆಟದ ರೋಗ. ಹಾಗೆಂದು ಬಾರಿಶಿಗಳ ಸ್ವಭಾವ ಬದಲಿಸಲು ಮನಸ್ಸಿರಲಿಲ್ಲ. ಮತ್ತೆ ಚತುರ್ಮುಖ ಬಸದಿ ನೆನಪಾಯಿತು. ಬಸದಿ ನಾಲ್ಕು ಕಡೆಯಿಂದಲೂ ಒಂದೇ, ಆದರೆ ಅದು ನಿಂತ ಬಂಡೆಯ ಗುಡ್ಡ ಹಾಗಿಲ್ಲವಲ್ಲ! ಜನ ಎಷ್ಟು ಸಮನಾಗಿ ಕಟ್ಟಲು ಹೊರಟರೂ ನೆಲ ತನ್ನ ಪಾಡಿಗೆ ತಾನು ಇರುತ್ತದೆ. ಆದ್ದರಿಂದ ಪಟದ ಮೇಲೆ ಮೂರು ಬಂಡೆಗಳನ್ನು ಇಟ್ಟೆವು. ಬಂಡೆಯ ಮೇಲೆ ಮನೆ ಕಟ್ಟುವಂತಿಲ್ಲ, ಬಂಡೆಯ ಪಕ್ಕದಲ್ಲಿ ಕಟ್ಟಬಹುದು.

ಮೂರೇ ಏಕೆ? 6×6ರ ಪಟದಲ್ಲಿ ಪ್ರತಿ ಚೌಕಕ್ಕೂ ಎದುರಿನಲ್ಲಿ ಒಂದು ಜೋಡಿ ಚೌಕ ಇದೆ. ಎರಡು ಬಂಡೆಯಾದರೆ ಅವುಗಳನ್ನು ಎದುರುಬದುರು ಇಟ್ಟು ಹಳೆಯ ಗುಟ್ಟನ್ನೇ ಬಳಸಬಹುದು. ಮೂರು ಬಂಡೆಗಳನ್ನು ಹೇಗಿಟ್ಟರೂ ಒಂದಕ್ಕೆ ಜೋಡಿ ಇರುವುದಿಲ್ಲ. 7ರಿಂದ ಕಳೆಯುವ ಲೆಕ್ಕ ಅಲ್ಲಿಗೆ ಮುರಿಯುತ್ತದೆ.

ಬಂಡೆಗಳನ್ನು ಇಡುವವರು ಯಾರು? ಇಟ್ಟವರು ತಮಗೆ ಬೇಕಾದ ಹಾಗೆ ಇಟ್ಟರೆ? ಇದಕ್ಕೆ ಉತ್ತರ ಅಮ್ಮಿಯ ಅಡುಗೆಮನೆಯಲ್ಲಿತ್ತು. ಕೊನೆಯ ಪರಾಠಾಕ್ಕೆ ನಾವಿಬ್ಬರು ಜಗಳವಾಡಿದರೆ ಅಮ್ಮಿ ಹೇಳುವುದು ಒಂದೇ: ಒಬ್ಬರು ಎರಡು ಮಾಡಿ, ಇನ್ನೊಬ್ಬರು ಮೊದಲು ಆರಿಸಿಕೊಳ್ಳಿ. ಹರಿಯುವವರ ಕೈ ಅಷ್ಟು ನಿಖರವಾಗಿರುವುದನ್ನು ಬೇರೆಲ್ಲೂ ನೋಡಲಾರಿರಿ. ನಮ್ಮ ಆಟದಲ್ಲೂ ಒಬ್ಬರು ಮೂರು ಬಂಡೆ ಇಡುತ್ತಾರೆ. ಮೊದಲು ಆಡಬೇಕೋ ಎರಡನೆಯದಾಗಿ ಆಡಬೇಕೋ ಎಂದು ಇನ್ನೊಬ್ಬರು ಆರಿಸುತ್ತಾರೆ. ಅನ್ಯಾಯವಾಗಿ ಇಟ್ಟರೆ ಅದರ ನಷ್ಟ ಇಟ್ಟವರಿಗೇ.

ಇದೇ ಉಪಾಯ ದೊಡ್ಡ ಆಟಗಳಲ್ಲೂ ಇದೆ ಎಂದು ಆಮೇಲೆ ಓದಿದೆ. 'ಹೆಕ್ಸ್' ಎಂಬ ಆಟವನ್ನು 1942ರಲ್ಲಿ ಡೆನ್ಮಾರ್ಕಿನ ಪೀಟ್ ಹೈನ್ ಕಟ್ಟಿದರು. ಕೆಲವು ವರ್ಷಗಳ ನಂತರ ಅಮೆರಿಕದಲ್ಲಿ ಜಾನ್ ನ್ಯಾಶ್ ಸ್ವತಂತ್ರವಾಗಿ ಅದೇ ಆಟವನ್ನು ಕಂಡುಕೊಂಡರು. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ನ್ಯಾಶ್ ಅವರೇ. ಹೆಕ್ಸ್‌ನಲ್ಲಿ ತಪ್ಪಿಲ್ಲದೆ ಆಡಿದರೆ ಮೊದಲಿಗರು ಗೆಲ್ಲಬಲ್ಲರು ಎಂದು ಅವರು ಸಾಧಿಸಿದರು. ಅದಕ್ಕಾಗಿ ಈಗ ಹೆಕ್ಸ್ ಆಡುವವರು ಒಂದು ನಿಯಮ ಸೇರಿಸಿಕೊಳ್ಳುತ್ತಾರೆ: ಮೊದಲಿಗರು ಒಂದು ಕಾಯಿ ಇಟ್ಟ ಮೇಲೆ ಎದುರಾಳಿ ಬೇಕಾದರೆ ಕಡೆ ಬದಲಿಸಿಕೊಳ್ಳಬಹುದು. ಅಮ್ಮಿಯ ಪರಾಠಾ ನಿಯಮವೇ!

ಒಂದು ಸತ್ಯ ಹೇಳಬೇಕು. ಅದೃಷ್ಟವಿಲ್ಲದ, ಏನನ್ನೂ ಮುಚ್ಚಿಡದ, ಡ್ರಾ ಇಲ್ಲದ, ಖಂಡಿತ ಮುಗಿಯುವ ಯಾವ ಇಬ್ಬರ ಆಟದಲ್ಲೂ ಒಂದು ಕಡೆಯವರಿಗೆ ತಪ್ಪದ ಗೆಲುವಿನ ದಾರಿ ಇದ್ದೇ ಇರುತ್ತದೆ. ಎರ್ನ್‌ಸ್ಟ್ ಝರ್ಮೆಲೋ ಎಂಬ ಗಣಿತಜ್ಞರು 1913ರಲ್ಲಿ ಚೆಸ್ ಬಗ್ಗೆ ಬರೆದ ಪ್ರಬಂಧದಿಂದ ಬೆಳೆದ ವಿಚಾರ ಇದು. ನನ್ನ ಆಟದಲ್ಲೂ ಆ ದಾರಿ ಎಲ್ಲೋ ಇದೆ. ಕಂಪ್ಯೂಟರ್ ಅದನ್ನು ಹುಡುಕಬಹುದು. ಹಾಗಾದರೆ ನ್ಯಾಯವಾದ ಆಟ ಎಂದರೇನು? ಆಡಲು ಕುಳಿತ ಇಬ್ಬರಲ್ಲಿ ಯಾರಿಗೂ ಆ ದಾರಿ ಮೊದಲೇ ಗೊತ್ತಿರಬಾರದು, ಇಬ್ಬರೂ ಅದನ್ನು ಹುಡುಕುತ್ತಾ ಆಡಬೇಕು. ಒಬ್ಬರಿಗೆ ಗೊತ್ತಾದರೆ ಇನ್ನೊಬ್ಬರಿಗೆ ಹೇಳಬೇಕು.

ಬಾರಿಶಿ ಆಟ: ಪೂರ್ಣ ನಿಯಮಗಳು

1. 6×6ರ ಪಟ. ಮೂರು ಸಣ್ಣ ಕಲ್ಲು, 18 ಬೀಜ.
2. ಒಬ್ಬರು ಮೂರು ಕಲ್ಲುಗಳನ್ನು ಬೇಕಾದ ಚೌಕಗಳಲ್ಲಿ ಇಡಬೇಕು.
3. ಮೊದಲು ಆಡುವವರು ಯಾರು ಎಂದು ಇನ್ನೊಬ್ಬರು ಹೇಳಬೇಕು.
4. ಸರದಿಯಂತೆ ಒಂದೊಂದು ಬೀಜ ಇಡಬೇಕು. ಬೀಜದ ಬಲ, ಎಡ, ಮೇಲೆ, ಕೆಳಗೆ ಬೇರೆ ಬೀಜ ಇರಬಾರದು. ಕಲ್ಲು ಇರಬಹುದು.
5. ಇಟ್ಟ ಬೀಜ ತೆಗೆಯುವಂತಿಲ್ಲ. ಸರದಿ ಬಿಡುವಂತಿಲ್ಲ.
6. ಜಾಗ ಸಿಗದವರು ಸೋತರು. ಬಾರಿಶಿಗಳಲ್ಲಿ 'ಸೋತೆ' ಎಂಬ ಮಾತಿಲ್ಲ. "ಊರು ತುಂಬಿತು" ಎನ್ನುತ್ತಾರೆ. ಮುಂದಿನ ಆಟದ ಬಂಡೆಗಳನ್ನು ಹಾಗೆ ಹೇಳಿದವರೇ ಇಡುತ್ತಾರೆ.

ಆಡುವವರಿಗೆ ಒಂದು ಸೂಚನೆ. ಆರಂಭದಲ್ಲಿ ಇಡೀ ಪಟ ನೋಡಿ, ಕೊನೆಯಲ್ಲಿ ಉಳಿದ ತುಂಡುಗಳನ್ನು ಎಣಿಸಿ. ಬೀಜ ಇಡಬಹುದಾದ ಒಂಟಿ ಚೌಕ ಎಂದರೆ ಒಂದು ನಡೆ. ತಾಗಿಕೊಂಡ ಎರಡು ಚೌಕ ಎಂದರೂ ಒಂದೇ ನಡೆ. ಸಾಲಾಗಿ ಮೂರು ಚೌಕ ಉಳಿದಿದ್ದರೆ ಮಾತ್ರ ಆಯ್ಕೆ ನಿಮ್ಮ ಕೈಯಲ್ಲಿ. ನಡುವೆ ಇಟ್ಟರೆ ಮೂರೂ ಮುಚ್ಚುತ್ತವೆ, ಒಂದೇ ನಡೆ. ತುದಿಯಲ್ಲಿಟ್ಟರೆ ಇನ್ನೊಂದು ತುದಿ ಉಳಿಯುತ್ತದೆ, ಎರಡು ನಡೆ.

ಉದಾಹರಣೆಗೆ, ಒಂದು ಕಡೆ ಮೂರರ ಸಾಲು, ಇನ್ನೊಂದು ಕಡೆ ಒಂಟಿ ಚೌಕ ಉಳಿದಿವೆ, ಸರದಿ ನಿಮ್ಮದು ಎಂದುಕೊಳ್ಳಿ. ಸಾಲಿನ ನಡುವೆ ಇಟ್ಟರೆ ಎದುರಾಳಿ ಒಂಟಿ ಚೌಕ ಹಿಡಿದು ಗೆಲ್ಲುತ್ತಾರೆ. ತುದಿಯಲ್ಲಿಟ್ಟರೆ ಎರಡು ಒಂಟಿ ಚೌಕ ಉಳಿಯುತ್ತವೆ. ಅವರಿಗೊಂದು, ನಿಮಗೊಂದು, ಆಮೇಲೆ ಅವರಿಗೆ ಜಾಗವಿಲ್ಲ. ಮೊದಮೊದಲು ಗೊಂದಲ ಎನಿಸಬಹುದು, ನಾಲ್ಕೈದು ಆಟ ಆಡಿದರೆ ಕಣ್ಣು ತಾನಾಗಿಯೇ ಎಣಿಸುತ್ತದೆ.

ಸ್ಟಾಲಿನ ಲೆಕ್ಕ

ಮೇಳದಲ್ಲಿ ನಾವು ಪಂದ್ಯ ಕಟ್ಟಲಿಲ್ಲ, ಆಟವನ್ನು ಮಾರಿದೆವು. ಡ್ರಾಯಿಂಗ್ ಶೀಟಿನ ಪಟ, ಒಂದು ಪೊಟ್ಟಣದಲ್ಲಿ ಬೀಜ ಮತ್ತು ಕಲ್ಲು, ನಿಯಮದ ಚೀಟಿ. ಆಡಿ ನೋಡುವುದು ಉಚಿತ. ಚೀಟಿಯ ಹಿಂದೆ ಹಳೆಯ ಆಟದ ಗುಟ್ಟನ್ನೂ ಬರೆದಿದ್ದೆವು.

30 ಪೊಟ್ಟಣ ಮಾಡಲು ತಲಾ 6 ರೂಪಾಯಿಯಂತೆ 180 ರೂಪಾಯಿ ಖರ್ಚು. ತಲಾ 15 ರೂಪಾಯಿಯಂತೆ 22 ಮಾರಾಟವಾಗಿ 330 ರೂಪಾಯಿ ಬಂತು. ಉಳಿದ 8 ಪೊಟ್ಟಣಗಳ ಅಂತಿಮ ದಾಸ್ತಾನು 48 ರೂಪಾಯಿ. ಒಟ್ಟು ಲಾಭ 198 ರೂಪಾಯಿ. ಸಾವಿರ ರೂಪಾಯಿಯ ಕನಸು ಕಂಡಿದ್ದ ಗೆಳತಿ ಈ ಲೆಕ್ಕ ನೋಡಿ ನಿಟ್ಟುಸಿರು ಬಿಟ್ಟಳು, ಆದರೆ ಒಂದು ಪೊಟ್ಟಣವನ್ನು ತಾನೇ ದುಡ್ಡು ಕೊಟ್ಟು ಕೊಂಡಳು. ಅದು ಆ 22ರಲ್ಲಿ ಸೇರಿದೆ.

ನಿಮಗೆ ಮೂರು ಪ್ರಶ್ನೆಗಳು

1. ಸಾಲಾಗಿ ನಾಲ್ಕು ಚೌಕ ಮಾತ್ರ ಉಳಿದಿವೆ, ಸರದಿ ನಿಮ್ಮದು. ಗೆಲ್ಲಬಲ್ಲಿರಾ?
2. ಬೇರೆ ಬೇರೆ ಕಡೆ ಮೂರರ ಎರಡು ಸಾಲುಗಳು ಉಳಿದಿವೆ, ಸರದಿ ನಿಮ್ಮದು. ಗೆಲ್ಲಬಲ್ಲಿರಾ?
3. ಮಳೆಯೇ ಬಾರದ ಗ್ರಹದ ಜನರ ಬಗ್ಗೆ ಮೂರು ವಾಕ್ಯ ಬರೆಯಿರಿ. ಪ್ರತಿ ವಾಕ್ಯದಿಂದ ಒಂದು ನಿಯಮ ಮಾಡಿ.

ಮೊದಲ ಎರಡಕ್ಕೂ ಉತ್ತರ 'ಇಲ್ಲ', ಎದುರಾಳಿ ತಪ್ಪು ಮಾಡದಿದ್ದರೆ. ಏಕೆ ಎಂದು ಬೀಜ ಇಟ್ಟು ನೋಡಿ. ಎರಡನೆಯದರಲ್ಲಿ ಡೆಬಿಟ್-ಕ್ರೆಡಿಟ್ ನೆನಪಿಸಿಕೊಳ್ಳಿ. ಮೂರನೆಯದರ ಉತ್ತರ ನನಗೆ ಗೊತ್ತಿಲ್ಲ, ನೀವು ಬರೆದು ಕೊಟ್ಟರೆ ಆಡಲು ನಾನು ಸಿದ್ಧ.

ಉಳಿದ ಪೊಟ್ಟಣಗಳಲ್ಲಿ ಒಂದನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಆಟದಲ್ಲಿ ಇನ್ನೊಂದು ದೋಷ ಸಿಕ್ಕಿದರೆ ದಯವಿಟ್ಟು ನನಗೆ ತಿಳಿಸಿ. ಮನೆಯಲ್ಲಿ ಹೊಸ ನಿಯಮದಂತೆ ಇದುವರೆಗೆ 20 ಆಟ ಆಗಿವೆ. ನಾನು 11, ತಮ್ಮ 9. ಈಗ ಬಂಡೆ ಇಡುವಾಗ ಅವನು ತುಂಬಾ ಹೊತ್ತು ತೆಗೆದುಕೊಳ್ಳುತ್ತಾನೆ, ನಾನು ಕಾಯುತ್ತೇನೆ.